ಒಪ್ಪಣ್ಣನೂ ಎರಡನೇ ತಂತಿಯೂ

ನಮ್ಮವರನ್ನು ಬೀದಿಯವರೆಲ್ಲ ಒಪ್ಪಣ್ಣ ಅಂತ ಕರೆಯುತ್ತಾರೆ. ಹೆತ್ತವರಿಟ್ಟ ಹೆಸರು ಗುರುತಿನ ಚೀಟಿಯಲ್ಲಿದೆ, ಅದು ಅಲ್ಲೇ ಇರಲಿ. ಮನೆಗೆ ಬಂದವರ ಚಪ್ಪಲಿಗಳನ್ನು ಅಳತೆಯ ಪ್ರಕಾರ, ದೊಡ್ಡದು ಎಡಕ್ಕೆ ಚಿಕ್ಕದು ಬಲಕ್ಕೆ, ಸಾಲಾಗಿ ಜೋಡಿಸಿಡುವ ಗಂಡಸನ್ನು ನೀವು ನೋಡಿದ್ದೀರಾ? ನಾನು ಅಂಥವರನ್ನೇ ಮದುವೆಯಾಗಿದ್ದೇನೆ. ಒಮ್ಮೆ ನನ್ನ ತಮ್ಮ ನಮ್ಮಲ್ಲಿ ಜಗಳವಾಡಿ, ದುಮುಗುಡುತ್ತ ಹೊರಟವನು, ಎಲ್ಲೋ ಬಿಟ್ಟ ಚಪ್ಪಲಿ ಇನ್ನೆಲ್ಲೋ ಇದ್ದುದರಿಂದ ಅದನ್ನು ಹುಡುಕುವಷ್ಟರಲ್ಲಿ ಸಿಟ್ಟಿಳಿದು, ಒಳಗೆ ಬಂದು ಕಾಫಿ ಕುಡಿದು ಹೋದ.

ಇದೆಲ್ಲ ಟೆಲಿಫೋನ್ ಎಕ್ಸ್‌ಚೇಂಜಿನ ಕೃಪೆ. ಇಪ್ಪತ್ತೊಂದು ವರ್ಷ ಅಲ್ಲಿ ಅವರು ಮಾಡಿದ ಕೆಲಸ ಒಂದೇ, ತಂತಿ ಕಟ್ಟುವುದು. ಊರಿನ ಅಷ್ಟೂ ಮನೆಗಳ ಫೋನಿನ ತಂತಿಗಳು ಒಂದು ದೊಡ್ಡ ಕೋಣೆಗೆ ಬಂದು ಬೀಳುತ್ತಿದ್ದವು. ಅವನ್ನೆಲ್ಲ ಬಾಚಿ, ಬಿಡಿಸಿ, ಮೇಣ ಹಚ್ಚಿದ ದಾರದಿಂದ ನಾಲ್ಕು ಬೆರಳಿಗೊಂದು ಗಂಟು ಹಾಕಿ, ಜಡೆ ಹೆಣೆದಂತೆ ಕಟ್ಟಬೇಕು. ಇವರು ಕೆಲಸಕ್ಕೆ ಸೇರಿದ ಮೊದಲ ದಿನವೇ ಮೇಲಿನ ಸಾಹೇಬರು ಎರಡು ಮಾತು ಹೇಳಿದ್ದರಂತೆ. ಒಂದು, ಯಾವ ತಂತಿಯೂ ಇನ್ನೊಂದನ್ನು ದಾಟಬಾರದು. ಎರಡು, ಒಂದು ತಂತಿಯಲ್ಲಿ ಆಗುವ ಕೆಲಸಕ್ಕೆ ಎರಡು ತಂತಿ ಹಾಕಿದವನು ಕೆಲಸ ಬಾರದವನು. ಸಾಹೇಬರು ತೀರಿಹೋಗಿ ಎಷ್ಟೋ ವರ್ಷವಾಯಿತು. ಅವರ ಮಾತು ಮಾತ್ರ ನಮ್ಮ ಮನೆಯಲ್ಲಿ ನನ್ನ ಮಾತಿಗಿಂತ ಹೆಚ್ಚು ನಡೆಯುತ್ತದೆ.

ಇವರು ನನ್ನನ್ನು ಇಷ್ಟಪಟ್ಟು ಮೊದಲ ಸಲ ನಮ್ಮ ಮನೆಗೆ ಬಂದಾಗಲೂ ಅಷ್ಟೆ. ನಾನು ಅಲಂಕಾರ ಮಾಡಿಕೊಂಡು ಕಾಯುತ್ತಿದ್ದರೆ ಈ ಮಹಾಶಯರು ನಮ್ಮ ಟಿವಿಯ ಹಿಂದೆ ಬಗ್ಗಿ ತಂತಿ ಬಿಡಿಸುತ್ತಿದ್ದರು. ನಮ್ಮಮ್ಮ, "ಹುಡುಗ ಒಳ್ಳೆಯವನು, ಆದ್ರೆ ಟಿವಿ ಬಿಟ್ಟು ಈಚೆ ಬರ್ತಾನಾ ಕೇಳು" ಅಂದಿದ್ದು ಇವತ್ತಿಗೂ ನೆನಪಿದೆ.

ಆಮೇಲೆ ಎಕ್ಸ್‌ಚೇಂಜಿನ ಆ ದೊಡ್ಡ ಕೋಣೆಯ ಕೆಲಸವನ್ನೆಲ್ಲ ಅಲಮಾರಿಯಷ್ಟಿದ್ದ ಒಂದು ಪೆಟ್ಟಿಗೆ ಮಾಡತೊಡಗಿತು. ಇವರನ್ನು ಮನೆಗೆ ಕಳಿಸಿದರು. ಆರು ತಿಂಗಳು ನನ್ನ ಅಡುಗೆಮನೆಯ ಡಬ್ಬಿಗಳನ್ನು ಜೋಡಿಸಿ ಜೋಡಿಸಿ ನನ್ನ ಪ್ರಾಣ ತೆಗೆದರು. ಕೊನೆಗೆ ನಾನೇ, "ನನ್ನ ಜೆರಾಕ್ಸ್ ಅಂಗಡೀಲಿ ಅರ್ಧ ಜಾಗ ಕೊಡ್ತೀನಿ, ಏನಾದ್ರೂ ಮಾಡ್ಕೊಳ್ಳಿ, ಸಾಸಿವೆ ಡಬ್ಬಿ ಮಾತ್ರ ಮುಟ್ಬೇಡಿ" ಅಂದೆ.

ಹಾಗೆ ಶುರುವಾದದ್ದು ಹಳೆಯ ವಿಡಿಯೊ ಕ್ಯಾಸೆಟ್ಟುಗಳನ್ನು ಹೊಸದು ಮಾಡಿಕೊಡುವ ಕೆಲಸ. ಜನರ ಮದುವೆ, ಮಕ್ಕಳ ಆಟ, ಶಾಲೆಯ ನಾಟಕ, ಎಲ್ಲ ಬೂಷ್ಟು ಹಿಡಿದು ಅಟ್ಟದ ಮೇಲಿರುತ್ತವಲ್ಲ, ಅವನ್ನು ತಂದುಕೊಡುತ್ತಾರೆ. ಇವರು ಒರೆಸಿ, ಕಂಪ್ಯೂಟರಿಗೆ ಇಳಿಸಿ, ಮಸುಕಾದ ಚಿತ್ರವನ್ನು ತಿದ್ದಿಕೊಡುತ್ತಾರೆ. ತಿದ್ದುವುದು ಇವರಲ್ಲ, ಗ್ರಾಫಿಕ್ಸ್ ಕಾರ್ಡ್ ಅಂತ ಕಂಪ್ಯೂಟರಿನ ಹೊಟ್ಟೆಯಲ್ಲಿ ಒಂದು ಸಾಮಾನಿದೆ, ಅದು. ನೋಡಲು ಮೂರು ಫ್ಯಾನು ಮೆತ್ತಿದ ದಪ್ಪ ಇಟ್ಟಿಗೆ. ಒಂದೊಂದು ಚಿತ್ರವನ್ನೂ ಚುಕ್ಕಿ ಚುಕ್ಕಿಯಾಗಿ ಲೆಕ್ಕ ಹಾಕಿ ಚೊಕ್ಕ ಮಾಡುವುದು ಅದರ ಕೆಲಸ. ಹೋದ ತಿಂಗಳು ಹಳೆಯ ಕಾರ್ಡು ಕೈಕೊಟ್ಟಿತು ಅಂತ ಇವರು ಹೊಸದೊಂದನ್ನು, ಎಲ್ಲಕ್ಕಿಂತ ದೊಡ್ಡದನ್ನು, ತಂದು ಹಾಕಿದ್ದರು. ಒಳಗಿನ ತಂತಿಗಳನ್ನು ಮೇಣದ ದಾರದಿಂದ ಕಟ್ಟಿ, ಬಂದವರಿಗೆಲ್ಲ ಮುಚ್ಚಳ ತೆಗೆದು ತೋರಿಸಿದ್ದೇ ತೋರಿಸಿದ್ದು. ಜೆರಾಕ್ಸಿಗೆ ಬಂದ ಒಬ್ಬ ವಕೀಲರು, "ಚೆನ್ನಾಗಿದೆ, ನನ್ನ ಹನ್ನೆರಡು ಪುಟ ಕೊಡಿ" ಅಂದರು.

ಒಂದು ಸೋಮವಾರ ಬೆಳಿಗ್ಗೆಯೇ ನರ್ಸಮ್ಮ ಬಂದರು. ಪಕ್ಕದ ಬೀದಿಯವರು, ದೊಡ್ಡಾಸ್ಪತ್ರೆಯಲ್ಲಿ ನರ್ಸಾಗಿದ್ದು ನಿವೃತ್ತರಾದವರು. ಗಂಡ ಇಲ್ಲ, ಮಕ್ಕಳಾಗಲಿಲ್ಲ, ಒಬ್ಬರೇ ಇರುತ್ತಾರೆ. ಮಾತೆಲ್ಲ ಆಜ್ಞೆ. "ಕೂತ್ಕೊ", "ನಾಲಿಗೆ ತೋರ್ಸು", "ಅಳ್ಬೇಡ, ಆಯ್ತು", ಇಷ್ಟರಲ್ಲಿ ಇಡೀ ಬಾಳು ಕಳೆದವರು. ನಮ್ಮ ಬೀದಿಯಲ್ಲಿ ಅವರಿಂದ ಸೂಜಿ ಚುಚ್ಚಿಸಿಕೊಳ್ಳದವರು ಯಾರೂ ಇಲ್ಲ, ಹಾಗಾಗಿ ಅವರನ್ನು ಕಂಡರೆ ಎಲ್ಲರೂ ಒಂಚೂರು ಪಕ್ಕಕ್ಕೆ ಸರಿಯುತ್ತಾರೆ.

ಅವರು ಚೀಲದಿಂದ ಒಂದು ಕ್ಯಾಸೆಟ್ಟು ತೆಗೆದು ಮೇಜಿನ ಮೇಲಿಟ್ಟರು. "ನನ್ನ ಮದುವೇದು. ಭಾನುವಾರ ಬೆಳಿಗ್ಗೆ ಹತ್ತು ಗಂಟೆಯೊಳಗೆ ಬೇಕು."

"ಪೂರ್ತಿ ಮದುವೇನಾ?" ಇವರು ಕೇಳಿದರು.

"ಯಾರಿಗೆ ಬೇಕು ಪೂರ್ತಿ ಮದುವೆ! ಕೊನೇದು. ನಾನು ಕಾರ್ ಹತ್ತಿ ಹೋಗೋದು. ನಮ್ಮಕ್ಕ ನಕ್ಕಳೋ ಇಲ್ವೋ, ಅಷ್ಟು ಗೊತ್ತಾದ್ರೆ ಸಾಕು."

ನಾನು ಜೆರಾಕ್ಸ್ ನಿಲ್ಲಿಸಿ ಸ್ಟೂಲು ಕೊಟ್ಟೆ. ವಿಷಯ ಇಷ್ಟು. ತಂದೆ ತಾಯಿ ಬೇಗ ಹೋದದ್ದರಿಂದ ನರ್ಸಮ್ಮನನ್ನು ಸಾಕಿದವರು ಅವರ ಅಕ್ಕ. ಓದಿಸಿದ್ದು, ಮದುವೆ ಮಾಡಿದ್ದು, ಎಲ್ಲ ಅಕ್ಕನೇ. ಮದುವೆ ಮುಗಿದು ಕಾರು ಹೊರಡುವಾಗ ನರ್ಸಮ್ಮ ಅಳುತ್ತ ತಿರುಗಿ ನೋಡಿದರೆ, ಹಸಿರು ಬಟ್ಟೆ ತೊಟ್ಟ ಅಕ್ಕ ಜನರ ನಡುವೆ ನಿಂತು ಬಾಯ್ತುಂಬ ನಗುತ್ತಿದ್ದರಂತೆ. ಪೀಡೆ ತೊಲಗಿತು ಅನ್ನುವಂತೆ. ಅವತ್ತಿನಿಂದ ಇಪ್ಪತ್ತೆರಡು ವರ್ಷ ನರ್ಸಮ್ಮ ಅಕ್ಕನ ಜೊತೆ ಮಾತಾಡಿಲ್ಲ. ಕಾಗದ ಬಂದರೆ ಒಡೆದಿಲ್ಲ, ಫೋನು ಬಂದರೆ ಎತ್ತಿಲ್ಲ, ಯಾಕೆ ಅಂತ ಹೇಳಿಯೂ ಇಲ್ಲ. ಈಗ ಅಕ್ಕ ಒಂದು ಅಂಚೆ ಕಾರ್ಡು ಬರೆದಿದ್ದಾರೆ. ಅದನ್ನೂ ಚೀಲದಿಂದ ತೆಗೆದು ನನ್ನ ಕೈಗೆ ಕೊಟ್ಟರು: ಭಾನುವಾರ ಹತ್ತಕ್ಕೆ ನಿನ್ನ ಮನೆಗೆ ಬರುತ್ತೇನೆ. ಬಾಗಿಲು ತೆಗೆದರೆ ಒಳಗೆ ಬರುತ್ತೇನೆ. ತೆಗೆಯದಿದ್ದರೆ ಇನ್ನು ಯಾವತ್ತೂ ನಿನಗೆ ತೊಂದರೆ ಕೊಡುವುದಿಲ್ಲ.

"ಆವತ್ತು ನನ್ನ ಕಣ್ಣಲ್ಲಿ ನೀರಿತ್ತು," ನರ್ಸಮ್ಮ ಅಂದರು, "ಕಂಡಿದ್ದು ಸರಿಯೋ ತಪ್ಪೋ. ಈ ಕ್ಯಾಸೆಟ್ಟಲ್ಲಿ ಮುಖಾನೇ ಮಸುಕು. ನಕ್ಕಿದ್ರೆ ಬಾಗಿಲು ತೆಗೆಯಲ್ಲ. ಅಷ್ಟೇ."

ಇಂಥ ಹಟ ನಾನು ಕಂಡಿಲ್ಲ. ಆದರೆ ಹೊರಡುವ ಮುಂಚೆ ಆ ಅಂಚೆ ಕಾರ್ಡನ್ನು ವಾಪಸ್ ಕೇಳಿ ತೆಗೆದುಕೊಂಡು, ಇನ್ನೊಂದು ಸಲ ಓದಿ ಚೀಲದಲ್ಲಿಟ್ಟರು.

ಮೊದಲು ಇವರು ಆ ದೃಶ್ಯದ ಆರೇ ಆರು ಸೆಕೆಂಡನ್ನು ಕತ್ತರಿಸಿ ಗ್ರಾಫಿಕ್ಸ್ ಕಾರ್ಡಿಗೆ ಕೊಟ್ಟರು. ಅಕ್ಕನ ಮುಖಕ್ಕೆ ಯಾರದ್ದೋ ಟೋಪಿ ಅಡ್ಡ ಬಂದು, ಮೂಗಿನಿಂದ ಕೆಳಗೆ ಮಾತ್ರ ಕಾಣುತ್ತಿತ್ತು. ಬೆಳಿಗ್ಗೆ ಮಾಡಿದಾಗ ಅಕ್ಕ ನಕ್ಕರು. ಮಧ್ಯಾಹ್ನ ಒಂದು ಗುಂಡಿ ಬದಲಿಸಿ ಮಾಡಿದಾಗ ಅತ್ತರು. ಸಂಜೆ ಅಕ್ಕನಿಗೆ ಮೀಸೆ ಬಂತು.

"ಏನ್ರೀ ಇದು, ನಾಟಕ ಕಂಪನೀನಾ?" ಅಂದೆ.

"ತುಣುಕು ಕೊಟ್ರೆ ಅದು ಊಹೆ ಮಾಡುತ್ತೆ ಕಣೆ. ಕಾರ್ ಹತ್ತೋ ಭಾಗದ ಹನ್ನೊಂದು ನಿಮಿಷಾನೂ ಒಟ್ಟಿಗೆ ಕೊಡ್ಬೇಕು. ಪ್ರತಿಯೊಬ್ಬರನ್ನೂ ಎಲ್ಲ ಕಡೆಯಿಂದ ನೋಡಿ, ಒಂದಕ್ಕೊಂದು ತಾಳೆ ಹಾಕಿ, ಆಮೇಲೆ ತಿದ್ದುತ್ತೆ. ಆಗ ಊಹೆ ಇರಲ್ಲ, ಇದ್ರೂ ಕಮ್ಮಿ. ಮೂವತ್ತೇಳು ಗಂಟೆ ಬೇಕು, ಎಡೆಬಿಡದೆ. ನಡುವೆ ನಿಂತ್ರೆ ಮಾಡಿದ್ದೆಲ್ಲ ಮಣ್ಣುಪಾಲು."

ಮಂಗಳವಾರ ಬೆಳಿಗ್ಗೆ ಶುರು ಮಾಡಿದರು. ಇಪ್ಪತ್ತು ನಿಮಿಷವಾಗಿತ್ತು, ಪರದೆ ಕಪ್ಪಾಯಿತು. ಕಾರ್ಡಿನ ಮೂರೂ ಫ್ಯಾನುಗಳು ಹೋ ಅಂತ ಅರಚಿದವು. ಆಮೇಲೆ ಗಪ್‌ಚಿಪ್.

ಇವರು ಹೆದರಲಿಲ್ಲ. ಗೆರೆ ಹಾಕಿದ ನೋಟು ಪುಸ್ತಕ ತೆಗೆದು, ಸ್ಕೇಲಿಟ್ಟು ಕಂಬ ಎಳೆದು, "ಒಂಬತ್ತು ಇಪ್ಪತ್ತು: ಕಪ್ಪಾಯಿತು, ಅರಚಿತು, ಸತ್ತಿತು" ಅಂತ ದುಂಡಗೆ ಬರೆದರು. ಮತ್ತೆ ಹಚ್ಚಿದರು. "ಒಂಬತ್ತು ಐವತ್ತೆರಡು: ಮೇಲಿನಂತೆ." ಮತ್ತೆ ಹಚ್ಚಿದರು. "ಹತ್ತು ಹದಿನಾಲ್ಕು: ಮೇಲಿನಂತೆ, ಅರಚಾಟ ಸ್ವಲ್ಪ ಹೆಚ್ಚು." ಸುಮ್ಮನೆ ಯಾವುದಾದರೂ ಸಿನಿಮಾ ಹಾಕಿದರೆ ಇಡೀ ದಿನ ಏನೂ ಆಗುತ್ತಿರಲಿಲ್ಲ. ಕೆಲಸ ಹೇಳಿದರೆ ಮಾತ್ರ ಸಾಯುತ್ತಿತ್ತು. ನಮ್ಮ ಮೈದುನನ ಬುದ್ಧಿಯೇ ಇದಕ್ಕೂ ಬಂದಿದೆ ಅಂದುಕೊಂಡೆ, ಹೇಳಲಿಲ್ಲ.

ಶಾಖ ಜಾಸ್ತಿಯಾಯಿತೇನೋ ಅಂತ ಪಕ್ಕದ ಮುಚ್ಚಳ ಬಿಚ್ಚಿ, ನನ್ನ ಪಕ್ಕದಲ್ಲಿ ತಿರುಗುತ್ತಿದ್ದ ಟೇಬಲ್ ಫ್ಯಾನು ಕಿತ್ತು ಅದಕ್ಕೆ ಹಿಡಿದರು. ನಾನು ಬೆವರಿದೆ, ಅದು ಸತ್ತಿತು. ಬಣ್ಣ ಹಚ್ಚುವ ಬ್ರಷ್ಷಿನಿಂದ ಧೂಳು ಗುಡಿಸಿದರು. ಧೂಳು ಇರಲೇ ಇಲ್ಲ, ನಮ್ಮವರ ಯಂತ್ರದಲ್ಲಿ ಧೂಳು ಎಲ್ಲಿಂದ ಬರಬೇಕು! ಕಾರ್ಡನ್ನು ನಡೆಸುವ ಡ್ರೈವರ್ ಅನ್ನೋ ತಂತ್ರಾಂಶವನ್ನು ಕಿತ್ತು ಹೊಸದು ಹಾಕಿದರು, ಹೊಸದನ್ನು ಕಿತ್ತು ಹಳೆಯದು ಹಾಕಿದರು. ಬಿಡಿಭಾಗದ ಅಂಗಡಿಯವನಿಗೆ ಫೋನು ಮಾಡಿದರು. ಅವನು, "ಒಂದ್ಸಲ ಆಫ್ ಮಾಡಿ ಆನ್ ಮಾಡಿ ಸಾರ್" ಅಂದ. "ಅದೇ ತಾನಾಗಿ ಆಫ್ ಆಗ್ತಿದೆಯಲ್ಲಪ್ಪಾ" ಅಂದರೆ, "ಹಾಗಾದ್ರೆ ಅರ್ಧ ಕೆಲಸ ಆಯ್ತಲ್ಲ, ಆನ್ ಮಾಡಿ" ಅಂದ. ಅವನನ್ನು ಏನೆಂದು ಬೈಯೋಣ!

ಬುಧವಾರ ತಪ್ಪು ನನ್ನ ಮೇಲೆ ಬಂತು. ನನ್ನ ಜೆರಾಕ್ಸ್ ಯಂತ್ರ ಕರೆಂಟು ಎಳೆದುಕೊಳ್ಳುತ್ತದೆ, ಅದಕ್ಕೇ ಕಾರ್ಡು ಸಾಯುತ್ತದೆ ಅಂತ ಇವರ ವಾದ.

"ಒಂದು ಗಂಟೆ ನಿನ್ನ ಯಂತ್ರ ನಿಲ್ಸು," ಅಂದರು.

"ಪರೀಕ್ಷೆ ಕಾಲ ಇದು. ಹೊರಗೆ ಹದಿನೈದು ಜನ ನಿಂತಿದಾರೆ, ಕಣ್ಣು ಕಾಣ್ಸುತ್ತಾ?"

"ಒಂದೇ ಗಂಟೆ ಕಣೆ."

ನಿಲ್ಲಿಸಿದೆ. ಹದಿನೈದು ಜನ ನನ್ನನ್ನೂ, ನಾನು ಇವರನ್ನೂ, ಇವರು ಪರದೆಯನ್ನೂ ನೋಡುತ್ತ ನಿಂತೆವು. ಹತ್ತೊಂಬತ್ತನೇ ನಿಮಿಷಕ್ಕೆ ಕಪ್ಪಾಯಿತು, ಅರಚಿತು, ಸತ್ತಿತು. ಸಾಲಿನಲ್ಲಿದ್ದ ಒಬ್ಬ ಹುಡುಗಿ ಕಿಸಕ್ಕನೆ ನಕ್ಕಳು. ನನಗೆ ಪಿತ್ತ ನೆತ್ತಿಗೇರಿತು. "ನಾನು ನನ್ನ ಯಂತ್ರ ಕೆಟ್ರೆ ಪಕ್ಕಕ್ಕೆ ಎರಡು ಬಿಗೀತೀನಿ, ಸರಿಹೋಗುತ್ತೆ. ನೀವೂ ಬಿಗೀರಿ!" ಅಂದೆ. ಇವರು ಕಾರ್ಡಿಗೆ ಅಡ್ಡವಾಗಿ ನಿಂತುಬಿಟ್ಟರು, ಮಗುವನ್ನು ಹೊಡೆಯಲು ಬಂದವರನ್ನು ತಡೆದ ಹಾಗೆ.

ನರ್ಸಮ್ಮ ದಿನಾ ಎರಡು ಹೊತ್ತು ಬರುತ್ತಿದ್ದರು, ವಾರ್ಡಿಗೆ ಬಂದ ಹಾಗೆ. ಬಂದವರೇ ಕಂಪ್ಯೂಟರಿನ ಮೇಲೆ ಅಂಗೈ ಇಟ್ಟು "ಜ್ವರ ಇಲ್ಲ" ಅನ್ನುತ್ತಿದ್ದರು. ಆಮೇಲೆ ನೋಟು ಪುಸ್ತಕ ತಿರುವುತ್ತಿದ್ದರು. ಮೊದಲೆರಡು ದಿನ ಬೈದರು. ಗುರುವಾರ ಬೈಯಲಿಲ್ಲ, ಅದಕ್ಕೆ ನನಗೆ ಇನ್ನೂ ಭಯವಾಯಿತು. ಸ್ಟೂಲಿನ ಮೇಲೆ ಕೂತು, "ಆಗ್ದಿದ್ರೆ ಆಗಲ್ಲ ಅಂತ ಹೇಳಿಬಿಡಿ. ನಾನು ಬಾಗಿಲು ತೆಗೆಯಲ್ಲ ಅಂತ್ಲೇ ಇಟ್ಕೊಂಡಿದೀನಿ" ಅಂದರು. ಹಾಗೆ ಅಂದವರು ಎದ್ದು ಹೋಗಬೇಕಲ್ಲ, ಹೋಗಲಿಲ್ಲ. ಅಂಗಡಿ ಮುಚ್ಚುವವರೆಗೂ ಕೂತೇ ಇದ್ದರು.

ಗುರುವಾರ ಇವರಿಗೆ ಒಂದು ಉಪಾಯ ಸಿಕ್ಕಿತ್ತು. ಕಾರ್ಡಿಗೆ ಪೂರ್ತಿ ಶಕ್ತಿಯಲ್ಲಿ ದುಡಿಯಬೇಡ, ಅರ್ಧ ಶಕ್ತಿಯಲ್ಲಿ ದುಡಿ ಅಂತ ಕಡಿವಾಣ ಹಾಕಬಹುದಂತೆ. ಹಾಕಿದರು. ಮೂರು ಗಂಟೆ ಕಾಲ ಸಾಯಲಿಲ್ಲ! ಇವರು ಕುಣಿದಾಡುವುದೊಂದು ಬಾಕಿ. ಆಮೇಲೆ ಲೆಕ್ಕ ಹಾಕಿದರು. ಆ ವೇಗದಲ್ಲಿ ಕೆಲಸ ಮುಗಿಯುವುದು ಭಾನುವಾರ ಮಧ್ಯಾಹ್ನ. ಅಷ್ಟರಲ್ಲಿ ಅಕ್ಕ ಬಂದು ಬಾಗಿಲು ನೋಡಿ ಹೋಗಿರುತ್ತಾರೆ. ಇವರು ಪೆಚ್ಚು ಮೋರೆ ಹಾಕಿಕೊಂಡು ಕಡಿವಾಣ ತೆಗೆದರು, ಅದು ಇಪ್ಪತ್ತನೇ ನಿಮಿಷಕ್ಕೆ ಸರಿಯಾಗಿ ಸತ್ತಿತು. ಸಮಯಪಾಲನೆಯಲ್ಲಿ ಮಾತ್ರ ಅದನ್ನು ಮೀರಿಸುವವರಿರಲಿಲ್ಲ.

ಶುಕ್ರವಾರ ಮಧ್ಯಾಹ್ನ ನರ್ಸಮ್ಮ ನೋಟು ಪುಸ್ತಕ ಓದಿ ಮುಗಿಸಿ ಕನ್ನಡಕ ತೆಗೆದರು.

"ಸುಮ್ನೆ ಮಲಗಿದ್ರೆ ಚೆನ್ನಾಗಿರುತ್ತೆ. ಅರ್ಧ ಕೆಲಸ ಮಾಡಿದ್ರೂ ಚೆನ್ನಾಗಿರುತ್ತೆ. ಪೂರ್ತಿ ದುಡಿದ್ರೆ ತಲೆ ತಿರುಗಿ ಬೀಳುತ್ತೆ. ಜ್ವರ ಇಲ್ಲ. ಇಂಥ ರೋಗಿ ಬಂದ್ರೆ ನಾವು ಮೊದಲು ಏನ್ ಕೇಳ್ತಿದ್ವಿ ಗೊತ್ತಾ? ಹೊಟ್ಟೆಗೇನ್ ತಿಂದೆ ಅಂತ."

"ಅದಕ್ಕೆ ಹೊಟ್ಟೆಗೆ ಕರೆಂಟು," ಇವರು ಅಂದರು. "ಬೇಕಾದಷ್ಟಿದೆ. ಕರೆಂಟು ಕೊಡೋ ಪೆಟ್ಟಿಗೆ ಕಾರ್ಡು ಕೇಳೋದಕ್ಕಿಂತ ದೊಡ್ಡದೇ ಹಾಕಿದೀನಿ."

"ಪಾತ್ರೇಲಿದ್ರೆ ಆಯ್ತಾ? ಬಾಯಿಗೆ ಹೋಗ್ತಿದೆಯಾ ನೋಡಿದ್ರಾ?"

ನನಗೆ ಕುತೂಹಲ ತಡೆಯಲಾಗಲಿಲ್ಲ. ಟಾರ್ಚು ಹಿಡಿದು, ಆ ಕಂಪ್ಯೂಟರಿನ ಹೊಟ್ಟೆಯೊಳಗೆ ಜೀವನದಲ್ಲಿ ಮೊದಲ ಸಲ ಸರಿಯಾಗಿ ಇಣುಕಿದೆ. ಒಳಗೆ ಎಲ್ಲ ತಂತಿಯೂ ಜಡೆ ಹಾಕಿದ ಹಾಗಿತ್ತು, ನಾಲ್ಕು ಬೆರಳಿಗೊಂದು ಗಂಟು. ಕಾರ್ಡಿನ ಮೇಲಂಚಿನಲ್ಲಿ ಕರೆಂಟು ತೆಗೆದುಕೊಳ್ಳುವ ಬಾಯಿ ಎರಡಿದ್ದವು. ಪೆಟ್ಟಿಗೆಯಿಂದ ಬಂದ ತಂತಿ ಮಾತ್ರ ಒಂದು. ಅದೇ ತಂತಿ ತುದಿಯಲ್ಲಿ ಕವಲಾಗಿ ಎರಡೂ ಬಾಯಿಗೆ ಹೋಗಿತ್ತು.

"ರೀ, ಬಾಯಿ ಎರಡಿದೆ, ತಂತಿ ಒಂದೇ ಇದೆ?"

"ಕವಲಿದೆಯಲ್ಲ. ಒಂದರಲ್ಲಿ ಆಗೋದಕ್ಕೆ ಎರಡು ಯಾಕೆ?" ಅಂದರು, ಸಾಹೇಬರ ದನಿಯಲ್ಲೇ.

"ಪೆಟ್ಟಿಗೆ ಜೊತೆ ಎಷ್ಟು ಕೊಟ್ಟಿದ್ದ ಅಂಗಡಿಯವ್ನು?"

ಇವರು ಕೆಮ್ಮಿದರು. ಮೇಜಿನ ಮೇಲಿದ್ದ ಪೆನ್ನುಗಳನ್ನು ನೇರ ಮಾಡಿದರು. ಮದುವೆಯಾಗಿ ಇಷ್ಟು ವರ್ಷವಾದ ಮೇಲೆ ಆ ಕೆಮ್ಮಿನ ಅರ್ಥ ನನಗೆ ಗೊತ್ತಿಲ್ಲವೇ? ಸೀದಾ ಹೋಗಿ ಅವರ ಮೂರನೇ ಡ್ರಾಯರು ಎಳೆದೆ. ಅಲ್ಲಿತ್ತು ಮಹಾರಾಯ, ಎರಡನೇ ತಂತಿ! ದುಂಡಗೆ ಸುತ್ತಿ, ಮೇಣದ ದಾರದಿಂದ ಮೂರು ಕಡೆ ಕಟ್ಟಿ, ಮೇಲೊಂದು ಚೀಟಿ ಅಂಟಿಸಿ, ಚೀಟಿಯ ಮೇಲೆ ಮುತ್ತಿನಂಥ ಅಕ್ಷರದಲ್ಲಿ "ಅನಗತ್ಯ" ಅಂತ ಬರೆದಿದ್ದರು.

ನಾನು ಚೀಟಿಯನ್ನು ಗಟ್ಟಿಯಾಗಿ ಓದಿದೆ. ಮೊದಲ ಸಲ ನಗು ಬಂತು, ಎರಡನೇ ಸಲ ಓದುವಾಗ ಮೈ ಉರಿಯಿತು. ನಾಲ್ಕು ದಿನ! ನನ್ನ ಫ್ಯಾನು ಹೋಯಿತು, ನನ್ನ ಪರೀಕ್ಷೆ ಗಿರಾಕಿಗಳು ಹೋದರು, ಈ ಹೆಂಗಸು ಕೂತು ಕೂತು ಸೊರಗಿದಳು, ಯಾಕೆ? ಎರಡು ತಂತಿ ನೋಡಲು ಚೆನ್ನಾಗಿ ಕಾಣುವುದಿಲ್ಲವಂತೆ!

"ಒಂದೇ ಲೋಟದಲ್ಲಿ ಇಬ್ಬರಿಗೆ ಕುಡಿಸಿದೀರಲ್ರೀ! ಇಬ್ಬರೂ ಬಾಯಾರಿ ಬಿದ್ದಿದಾರೆ!" ಅಂತ ಕೂಗಿದೆ.

ಇವರು ನಿಧಾನವಾಗಿ ತಂತಿಯ ತುದಿಯನ್ನು ಕಾರ್ಡಿನಿಂದ ಕಿತ್ತರು. ಬಿಳಿಯ ಪ್ಲಾಸ್ಟಿಕ್ಕು ಒಂದು ಮೂಲೆಯಲ್ಲಿ ಕಂದಿತ್ತು, ಸುಟ್ಟ ವಾಸನೆ ಬರುತ್ತಿತ್ತು. ಪೂರ್ತಿ ದುಡಿಯುವಾಗ ಎರಡು ತಂತಿಯ ಕರೆಂಟು ಒಂದರಲ್ಲೇ ನುಗ್ಗಿ, ತಂತಿ ಬಿಸಿಯಾಗಿ, ಕಾರ್ಡಿಗೆ ಸಾಲದೆ ಬೀಳುತ್ತಿತ್ತು. ಅವರು ಅದನ್ನು ತುಂಬ ಹೊತ್ತು ನೋಡಿದರು. ನಾನು ಇನ್ನೂ ನಾಲ್ಕು ಮಾತು ಸಿದ್ಧ ಮಾಡಿಕೊಂಡಿದ್ದೆ, ಅವರ ಮುಖ ನೋಡಿ ನುಂಗಿಕೊಂಡೆ. ಇಪ್ಪತ್ತೊಂದು ವರ್ಷದ ಮಾತು ಸುಳ್ಳಾದಾಗ ಮನುಷ್ಯ ಹೇಗೆ ಕಾಣುತ್ತಾನೆ ಅಂತ ಅವತ್ತು ಗೊತ್ತಾಯಿತು. ಪಾಪ ಅನ್ನಿಸಿತು, ನಿಜವಾಗಿ ಪಾಪ ಅನ್ನಿಸಿತು.

"ಟೆಲಿಫೋನಿಗೆ ಸಾಹೇಬ್ರು ಹೇಳಿದ್ದು ಸರಿಯೇ," ಅಂದರು. "ಇದು ಟೆಲಿಫೋನ್ ಅಲ್ಲ. ನಾನು ಅದನ್ನ ನೋಡ್ಲಿಲ್ಲ. ನರ್ಸಮ್ಮಾ, ತಪ್ಪು ನಂದು."

"ತಪ್ಪು ಆಮೇಲೆ. ಮೊದ್ಲು ಊಟ ಹಾಕಿ," ನರ್ಸಮ್ಮ ಅಂದರು.

ಕಂದಿದ ತಂತಿಯನ್ನು ಎಸೆದು, ಬಿಡಿಭಾಗದ ಅಂಗಡಿಗೆ ಓಡಿ ಅದೇ ಪೆಟ್ಟಿಗೆಯ ಹೊಸ ತಂತಿ ತಂದು, ಒಂದೊಂದು ಬಾಯಿಗೆ ಒಂದೊಂದು ತಂತಿ ಹಾಕಿದರು. ಒಂದು ತಂತಿ ಇನ್ನೊಂದರ ಮೇಲೆ ಅಡ್ಡ ಹಾದಿತ್ತು. ಇವರ ಕೈ ತಾನಾಗಿ ಮೇಣದ ದಾರದ ಕಡೆ ಹೋಯಿತು. ನಾನು ಕಣ್ಣು ಕೆಕ್ಕರಿಸಿದೆ. ಕೈ ವಾಪಸ್ ಬಂತು. ಸಂಜೆ ಆರಕ್ಕೆ ಶುರುವಾಯಿತು. ಇಪ್ಪತ್ತನೇ ನಿಮಿಷಕ್ಕೆ ಮೂವರೂ ಉಸಿರು ಬಿಗಿಹಿಡಿದೆವು. ಇಪ್ಪತ್ತೊಂದು. ಇಪ್ಪತ್ತೈದು. ನಲವತ್ತು. ಫ್ಯಾನುಗಳು ಹದವಾಗಿ ಗುಂಯ್ ಅನ್ನುತ್ತಲೇ ಇದ್ದವು. ನರ್ಸಮ್ಮ ಮತ್ತೆ ಅಂಗೈ ಇಟ್ಟು ನೋಡಿ, "ಈಗ ಸ್ವಲ್ಪ ಬೆಚ್ಚಗಿದೆ, ಒಳ್ಳೇದು" ಅಂತ ಹೇಳಿ ಮನೆಗೆ ಹೋದರು. ಶನಿವಾರ ಪೂರ್ತಿ ಅದು ಓಡಿತು. ಇವರು ಊಟಕ್ಕೂ ಎದ್ದು ಬರಲಿಲ್ಲ, ನಾನೇ ತಟ್ಟೆ ತಂದುಕೊಟ್ಟೆ.

ಭಾನುವಾರ ಎಂಟು ಗಂಟೆಗೆ ಅಂಗಡಿ ತೆರೆದಾಗ ಕೆಲಸ ಮುಗಿದಿತ್ತು. ನರ್ಸಮ್ಮ ಆಗಲೇ ಮೆಟ್ಟಿಲ ಮೇಲೆ ಕೂತಿದ್ದರು. ಒಳ್ಳೆಯ ಸೀರೆ ಉಟ್ಟಿದ್ದರು, ತಲೆ ಬಾಚಿದ್ದರು. ತೆಗೆಯದ ಬಾಗಿಲಿಗೆ ಯಾರಾದರೂ ಅಷ್ಟು ಅಲಂಕಾರ ಮಾಡಿಕೊಳ್ಳುತ್ತಾರೆಯೇ?

ಇವರು ಚಿತ್ರ ಹಾಕಿದರು. ಅಬ್ಬಾ, ಏನು ಹೇಳಲಿ! ಇಪ್ಪತ್ತೆರಡು ವರ್ಷದ ಮಸುಕೆಲ್ಲ ಹೋಗಿ, ಕಾರಿನ ಬಾಗಿಲಿನ ಹಿಡಿ ಹೊಳೆಯುತ್ತಿತ್ತು, ಜನರ ಅಂಗಿಯ ಗುಂಡಿಗಳು ಎಣಿಸುವಂತಿದ್ದವು. ಆಗಿನ ನರ್ಸಮ್ಮ ಮೂಗು ಒರೆಸಿಕೊಳ್ಳುತ್ತ ಕಾರು ಹತ್ತಿದರು. ಕ್ಯಾಮೆರಾ ತಿರುಗಿತು. ಜನರ ನಡುವೆ ಹಸಿರು ಬಟ್ಟೆ, ಕುತ್ತಿಗೆಗೆ ಹಳದಿಯ ಪಟ್ಟಿ, ಅಡ್ಡಕ್ಕೆ ಟೋಪಿ, ಟೋಪಿಯ ಕೆಳಗೆ ಬಾಯಿ. ಆ ಬಾಯಿ ನಗುತ್ತಿತ್ತು. ಅನುಮಾನಕ್ಕೆ ಜಾಗವೇ ಇಲ್ಲ, ಹಲ್ಲು ಕಾಣುತ್ತಿತ್ತು.

ಇವರು ಚಿತ್ರವನ್ನು ಅಲ್ಲೇ ನಿಲ್ಲಿಸಿದರು.

"ಸರಿ," ನರ್ಸಮ್ಮ ಅಂದರು. "ಸರಿಯಾಗೇ ಕಂಡಿತ್ತು ನಂಗೆ."

ನನಗೆ ಆ ಕಾರ್ಡು ಸತ್ತೇ ಇದ್ದಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಅದನ್ನು ಬದುಕಿಸಿದ ಇಬ್ಬರಲ್ಲಿ ನಾನೂ ಒಬ್ಬಳು. "ನರ್ಸಮ್ಮಾ, ನಕ್ಕಿದ್ರೂ ಏನಂತೆ? ಸಂಕಟಕ್ಕೂ ನಗು ಬರುತ್ತೆ. ಹೋಗಿ ಬಾಗಿಲು ತೆಗೀರಿ, ಎದುರಿಗೇ ಕೇಳಿ," ಅಂದೆ. ಅವರು ತಲೆಯಾಡಿಸಿ ಸ್ಟೂಲಿನ ಮೇಲೆ ಕೂತರು. ಮನೆಗೆ ಬೀಗ ಹಾಕಿ ಬಂದಿದ್ದರು. ಹತ್ತು ಗಂಟೆಯಾಯಿತು, ಏಳಲಿಲ್ಲ. ಹತ್ತೂಕಾಲಾಯಿತು. ಬೈದೆ, ಬೇಡಿಕೊಂಡೆ, ಕೈಹಿಡಿದು ಎಳೆದೆ. ಮಿಸುಕಲಿಲ್ಲ ಪುಣ್ಯಾತ್ಗಿತ್ತಿ. ಗೋಡೆಯ ಗಡಿಯಾರ ನೋಡುತ್ತ ಕೂತುಬಿಟ್ಟರು, ಕೆನ್ನೆಯ ಮೇಲೆ ನೀರು ಇಳಿಯುತ್ತಿದ್ದುದು ಅವರಿಗೇ ಗೊತ್ತಿರಲಿಲ್ಲ.

ಹತ್ತೂವರೆಗೆ ಅಂಗಡಿಯ ಮುಂದೆ ಒಬ್ಬ ಮುದುಕಿ ಬಂದು ನಿಂತರು. ಕೈಯಲ್ಲಿ ಬಟ್ಟೆಯ ಚೀಲ, ಏದುಸಿರು.

"ಪಕ್ಕದ್ಮನೆಯವ್ರು ಹೇಳಿದ್ರು, ಇಲ್ಲಿರ್ತಾಳೆ ಅಂತ," ಅಂದರು. ಆಮೇಲೆ ಸ್ಟೂಲಿನ ಕಡೆ ನೋಡಿ, "ಬಾಗಿಲು ತೆಗೀದೇ ಇದ್ರೆ ಹೋಗ್ತೀನಿ ಅಂತ ಬರ್ದಿದ್ದೆ. ಬೀಗ ಹಾಕಿದ್ರೆ ಏನ್ ಮಾಡ್ಬೇಕು ಅಂತ ಬರ್ದಿರ್ಲಿಲ್ಲ. ಅದಕ್ಕೆ ಕೇಳ್ಕೊಂಡು ಹೋಗೋಣ ಅಂತ ಬಂದೆ," ಅಂದರು.

ನರ್ಸಮ್ಮ ಎದ್ದು ನಿಂತರು. ಬೆರಳು ಚಾಚಿ ಪರದೆ ತೋರಿಸಿದರು. "ನೋಡು! ನೀನೇ ನೋಡು! ನಾನು ಅಳ್ತಾ ಹೋಗ್ತಿದ್ರೆ ಹೆಂಗ್ ನಗ್ತಿದೀಯ ನೋಡು!"

ಅಕ್ಕ ಒಳಗೆ ಬಂದು, ಕನ್ನಡಕ ಹುಡುಕಿ ಹಾಕಿಕೊಂಡು, ಪರದೆಗೆ ಮೂಗು ತಾಗುವಷ್ಟು ಬಗ್ಗಿದರು. ಒಂದು ನಿಮಿಷ ನೋಡಿದರು.

"ಇದ್ಯಾರೇ? ನಾನಲ್ಲ ಇದು."

"ಹಸಿರು ಬಟ್ಟೆ. ನಾನೇ ಆರಿಸಿ ತಂದಿದ್ದು, ನಿಂಗೆ ಅಂತ."

"ಹೂಂ, ನೀನೇ ತಂದಿದ್ದು. ನಿಂಗೆ ಅಳತೆ ಗೊತ್ತಿಲ್ದೆ ಎರಡಾಳಿಗಾಗೋಷ್ಟು ತಂದಿದ್ದೆ. ಕುತ್ತಿಗೇಲಿ ಏನಿದೆ ಓದು."

ನಾವೆಲ್ಲ ಬಗ್ಗಿದೆವು. ನಾವು ಶಾಲು ಅಂದುಕೊಂಡಿದ್ದ ಹಳದಿಯ ಪಟ್ಟಿಯ ಮೇಲೆ ಗೆರೆಗಳಿದ್ದವು. ಗೆರೆಗಳ ಪಕ್ಕದಲ್ಲಿ ಮೂವತ್ತೊಂದು, ಮೂವತ್ತೆರಡು, ಮೂವತ್ತಮೂರು ಅಂತ ಅಂಕಿಗಳು ಅಚ್ಚುಕಟ್ಟಾಗಿ ಕಾಣುತ್ತಿದ್ದವು. ಅಳತೆ ಟೇಪು!

"ದರ್ಜಿಯಮ್ಮ!" ಅಂದರು ಅಕ್ಕ. "ಮದುವೇಗೂ ಟೇಪ್ ಹಾಕ್ಕೊಂಡೇ ಬಂದಿದ್ಲು, ನೆನಪಿಲ್ವಾ? ಉಳಿದ ಬಟ್ಟೇಲಿ ತನಗೂ ಒಂದು ಹೊಲ್ಕೊಂಡಿದ್ಲು, ಕೇಳದೆ. ನಗದೆ ಇನ್ನೇನ್ ಮಾಡ್ತಾ‌ಳೆ!"

ನರ್ಸಮ್ಮ ಪರದೆಯ ಮೇಲಿನ ಅಂಕಿಗಳನ್ನು ಬೆರಳಿಟ್ಟು ಮತ್ತೊಮ್ಮೆ ಓದಿದರು. ಇವರು ಯಾರಿಗೂ ಕಾಣದಂತೆ ಕಣ್ಣೊರೆಸಿಕೊಂಡರು, ನನಗೆ ಕಂಡಿತು.

"ಮತ್ತೆ ನೀನು? ನೀನೆಲ್ಲಿದ್ದೆ?" ಕೊನೆಗೆ ನರ್ಸಮ್ಮ ಕೇಳಿದರು.

"ಹಿಂದ್ಗಡೆ. ನೀರಿನ ತೊಟ್ಟಿ ಹತ್ರ ಕೂತಿದ್ದೆ. ಸಾಕಿದ ಮಗು ಹೋಗೋದು ನೋಡೋಕೆ ಆಗ್ಲಿಲ್ಲ ನಂಗೆ. ಅತ್ತು ಮುಖ ತೊಳ್ಕೊಂಡು ಬರೋ ಅಷ್ಟರಲ್ಲಿ ಕಾರು ಹೋಗಿತ್ತು."

"ಬಂದು ಒಂದ್ಸಲ ಕೈ ಬೀಸೋಕೇನಾಗಿತ್ತು ನಿಂಗೆ!" ನರ್ಸಮ್ಮ ಚೀರಿದರು. "ಇಪ್ಪತ್ತೆರಡು ವರ್ಷ! ಒಂದ್ಸಲ ಕೈ ಬೀಸಿದ್ರೆ..." ಮುಂದೆ ಆಗಲಿಲ್ಲ. ಬೇರೆಯವರಿಗೆಲ್ಲ ಅಳ್ಬೇಡ ಅಳ್ಬೇಡ ಅಂತ ಹೇಳಿಕೊಂಡು ಬಂದ ಹೆಂಗಸು ನನ್ನ ಜೆರಾಕ್ಸ್ ಯಂತ್ರವನ್ನು ಹಿಡಿದುಕೊಂಡು ಬಿಕ್ಕಿ ಬಿಕ್ಕಿ ಅತ್ತರು.

ಅಕ್ಕ ಹತ್ತಿರ ಹೋಗಲಿಲ್ಲ. ಚೀಲವನ್ನು ಎದೆಗೆ ಒತ್ತಿಕೊಂಡು ನಿಂತಲ್ಲೇ ನಿಂತಿದ್ದರು.

"ಕೈ ಬೀಸ್ಲಿಲ್ಲ, ನನ್ ತಪ್ಪೇ. ಈಗ ಹೇಳು," ಅಂದರು. "ಹನ್ನೊಂದೂವರೆಗೆ ಬಸ್ಸಿದೆ. ಬಾಗಿಲು ತೆಗೀತೀಯೋ ಇಲ್ವೋ?"

ನರ್ಸಮ್ಮ ತಮ್ಮ ಚೀಲಕ್ಕೆ ಕೈ ಹಾಕಿ ತಡಕಾಡಿದರು. ಕರವಸ್ತ್ರ ಬಿತ್ತು, ಕನ್ನಡಕದ ಡಬ್ಬಿ ಬಿತ್ತು, ಬಸ್ ಟಿಕೆಟುಗಳು ಬಿದ್ದವು. ಅವನ್ನು ಎತ್ತಿಡಲು ನಮ್ಮವರು ಕೂಡ ಬಗ್ಗಲಿಲ್ಲ. ಕೊನೆಗೆ ಬೀಗದ ಕೈ ಸಿಕ್ಕಿತು. ನರ್ಸಮ್ಮ ಅದನ್ನು ಅಕ್ಕನ ಅಂಗೈಯಲ್ಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಚಿದರು.

"ನೀನೇ ತೆಗಿ," ಅಂದರು.